ಒಂಬತ್ತನೇ ನಂಬರಿನ ಆಟಗಾರ ಮರೆತ ಐದು ಪದಗಳು

ಮಾನ್ಯ ವೈದ್ಯಾಧಿಕಾರಿಗಳೇ,

ಸೋಮವಾರ ನೀವು ಸಹಿ ಮಾಡಿ ಕೊಟ್ಟ ಪ್ರಮಾಣಪತ್ರ ತಪ್ಪು. ನಮ್ಮ ಫುಟ್‌ಬಾಲ್ ಕ್ಲಬ್ಬಿನ ಒಂಬತ್ತನೇ ನಂಬರಿನ ಫಾರ್ವರ್ಡ್ ಆಡಲು ಯೋಗ್ಯ ಎಂದು ಅದರಲ್ಲಿದೆ. ಆ ಆಟಗಾರ ನನ್ನ ಅಣ್ಣ. ಅವನು ಆಡಲು ಯೋಗ್ಯನಲ್ಲ. ಬರುವ ಭಾನುವಾರ ಅವನ ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಅವನು ಮೈದಾನದಿಂದ ಎದ್ದು ಬರುವುದಿಲ್ಲ ಎಂಬ ಭಯ ನನ್ನನ್ನು ತಿನ್ನುತ್ತಿದೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕ್ಲಬ್ಬಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ. ನಾಲ್ಕು ಜನ ಸೇರಿದ ಕಡೆ ನನ್ನ ನಾಲಿಗೆ ಏಳುವುದಿಲ್ಲ. ಆದರೂ ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರನೇ ಸಲ ಬಾಗಿಲ ಬಳಿಯ ಗುಮಾಸ್ತರು, "ಏನಮ್ಮಾ, ನೀವು ಡಾಕ್ಟ್ರಾ?" ಎಂದು ಕೇಳಿದರು. "ಅಲ್ಲ ಸಾರ್, ತಂಗಿ" ಎಂದೆ. "ತಂಗೀರಿಗೆಲ್ಲ ಟೈಮ್ ಕೊಡ್ತಾ ಕೂತ್ರೆ ಸಾಹೇಬ್ರು ಊಟ ಮಾಡೋದು ಯಾವಾಗ?" ಎಂದರು. ಪಕ್ಕದವರು ನಕ್ಕರು. ಹೆದರಿ ನಾನೂ ನಕ್ಕುಬಿಟ್ಟೆ. ಮೆಟ್ಟಿಲಿಳಿಯುವಾಗ ನನ್ನ ಮೇಲೇ ಅಸಹ್ಯವಾಯಿತು. ಒಬ್ಬರ ಕಿವಿಗೆ ಹೇಳಬೇಕಾದದ್ದನ್ನು ಊರಿಗೇ ಕೇಳುವಂತೆ ಹೇಳುವುದು ನನಗೆ ಸೇರದ ಕೆಲಸ. ಆದರೆ ನಿಮ್ಮ ಬಾಗಿಲು ಬೇರೆ ದಾರಿ ಉಳಿಸಲಿಲ್ಲ, ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಅಣ್ಣನಿಗೆ ಈಗ ಇಪ್ಪತ್ತೊಂಬತ್ತು. ಹದಿನೇಳಕ್ಕೇ ಕ್ಲಬ್ಬಿಗೆ ಸೇರಿದವನು. ಹನ್ನೆರಡು ವರ್ಷದಲ್ಲಿ ತೊಂಬತ್ತನಾಲ್ಕು ಗೋಲು ಹೊಡೆದಿದ್ದಾನೆ, ಅದರಲ್ಲಿ ಅರ್ಧಕ್ಕೂ ಹೆಚ್ಚು ತಲೆಯಿಂದ. ಜನ ಅವನನ್ನು 'ಸುತ್ತಿಗೆ' ಎಂದು ಕೂಗುತ್ತಾರೆ. ಪ್ರೀತಿಯಿಂದಲೇ ಕೂಗುತ್ತಾರೆ, ನಿಜ. ಆದರೆ ಸುತ್ತಿಗೆಗೆ ನೋವಾಗುತ್ತದೆಯೇ ಎಂದು ಯಾರು ಕೇಳುತ್ತಾರೆ? ಪಂದ್ಯ ಮುಗಿದ ಮೇಲೆ ಹತ್ತು ಜನರ ಜೆರ್ಸಿಯಲ್ಲಿ ಮೊಣಕೈ, ಎದೆ, ಬೆನ್ನಿಗೆ ಮಣ್ಣಾಗಿರುತ್ತದೆ. ಅಣ್ಣನದರಲ್ಲಿ ಕಾಲರಿಗೂ ರಕ್ತ ಇಳಿದಿರುತ್ತದೆ. ಉಪ್ಪುನೀರಲ್ಲಿ ನೆನೆಸಿ ತೆಗೆದು ತೆಗೆದು ನನಗೆ ಅಭ್ಯಾಸವಾಗಿದೆ. ಅಭ್ಯಾಸವಾಗಬಾರದಿತ್ತು.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಸೀಸನ್ ಶುರುವಾಗುವ ಮುಂಚೆ ನೀವು ಪ್ರತಿ ಆಟಗಾರನ ನೆನಪಿನ ಪರೀಕ್ಷೆ ಮಾಡುತ್ತೀರಿ. ಹತ್ತು ಪದ ಓದುತ್ತೀರಿ, ಸ್ವಲ್ಪ ಹೊತ್ತು ಬಿಟ್ಟು ಆಟಗಾರ ಅವನ್ನು ಹೇಳಬೇಕು. ಎಷ್ಟು ಹೇಳಿದನೋ ಅದು ಅವನ ಲೆಕ್ಕ. ಮುಂದೆ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಅದೇ ಪರೀಕ್ಷೆ. ಲೆಕ್ಕ ಕಡಿಮೆಯಾದರೆ ಹೊರಗೆ, ಅಷ್ಟೇ ಇದ್ದರೆ ಒಳಗೆ. ಇದನ್ನು ಕಂಡುಹಿಡಿದವರು ಬುದ್ಧಿವಂತರು. ಆದರೆ ಆಟಗಾರರು ಅವರಿಗಿಂತ ಒಂದು ಹೆಜ್ಜೆ ಮುಂದೆ. ಶುರುವಿನಲ್ಲೇ ಬೇಕೆಂದು ಕಡಿಮೆ ಹೇಳಿಬಿಟ್ಟರೆ ಆಮೇಲೆ ಬೀಳುವ ಪೆಟ್ಟು ಕಾಗದದ ಮೇಲೆ ಕಾಣುವುದೇ ಇಲ್ಲ! ನಮ್ಮ ಹಳೆಯ ಗೋಲ್‌ಕೀಪರ್ ಇದನ್ನು ಹೊಸಬರಿಗೆ ಬೂಟಿನ ಲೇಸು ಕಟ್ಟುವುದನ್ನು ಹೇಳಿಕೊಟ್ಟ ಹಾಗೆ ಹೇಳಿಕೊಡುತ್ತಾನೆ. ಪದಗಳೂ ಎಲ್ಲರಿಗೂ ಬಾಯಿಪಾಠ, ಏಕೆಂದರೆ ಆರು ವರ್ಷದಿಂದ ನೀವು ಓದುತ್ತಿರುವುದು ಅದೇ ಒಂದು ಹಾಳೆ. ಕೋಚ್‌ಗೆ ಗೊತ್ತು, ಬಟ್ಟೆ ಒಗೆಯುವವಳಿಗೂ ಗೊತ್ತು. ನಿಮಗೊಬ್ಬರಿಗೆ ಗೊತ್ತಿರಲಿಲ್ಲ ಎಂದು ನಂಬಲೇ?

ಸೇಬು, ಗಂಟೆ, ಬೆರಳು, ಹಾಳೆ, ನದಿ, ಕುರ್ಚಿ, ಬೆಕ್ಕು, ದೀಪ, ಚಮಚ, ಗೋಡೆ. ಈ ಸೀಸನ್ನಿನ ಪರೀಕ್ಷೆಗೆ ಮುಂಚೆ ಅಡುಗೆಮನೆಯ ಮೇಜಿನ ಎದುರು ಕೂತು ನಾನೇ ಓದಿದೆ. ಅಣ್ಣ ಹತ್ತನ್ನೂ ಹೇಳಿದ. ಹಿಂದಿನಿಂದ ಮುಂದಕ್ಕೂ ಹೇಳಿದ. "ಥೂ, ಮರೆಯೋದು ಇಷ್ಟು ಕಷ್ಟಾನಾ ಪುಟ್ಟಿ?" ಎಂದು ನಕ್ಕ. "ನದಿ, ಕುರ್ಚಿ, ಬೆಕ್ಕು, ದೀಪ, ಗೋಡೆ ಬಿಟ್ಬಿಡು. ಬೆಕ್ಕು ಮಾತ್ರ ಬಾಯಿಗೆ ಬರಲೇಬಾರದು" ಎಂದೆ. ಬೆಕ್ಕು ಎಂದಾಗಲೆಲ್ಲ ಅವನು ಮಿಯಾಂವ್ ಎಂದು ನನ್ನನ್ನು ನಗಿಸುತ್ತಿದ್ದ. ಒಲೆಯ ಹತ್ತಿರವಿದ್ದ ಅಮ್ಮ, "ಇಬ್ರಿಗೂ ಎಷ್ಟು ವಯಸ್ಸಾಯ್ತು?" ಎಂದು ಗದರಿದಳು. ಪರೀಕ್ಷೆಯಲ್ಲಿ ಅವನು ಸರಿಯಾಗಿ ಐದೇ ಹೇಳಿ ಬಂದ. ನಾವು ಗೆದ್ದೆವು ಅಂದುಕೊಂಡೆವು.

ಮೂರು ವಾರದ ಹಿಂದೆ ಕಾರ್ನರ್‌ನಿಂದ ಬಂದ ಚೆಂಡಿಗೆ ಅಣ್ಣ ಎಗರಿದ. ಎದುರಾಳಿಯೂ ಎಗರಿದ. ತಲೆಗೆ ತಲೆ ಬಡಿದ ಸದ್ದು ಬಟ್ಟೆಕೋಣೆಯ ಕಿಟಕಿಗೂ ಕೇಳಿಸಿತು. ಅಣ್ಣ ಎದ್ದು ಪಂದ್ಯ ಮುಗಿಸಿದ. ಜನ ಚಪ್ಪಾಳೆ ತಟ್ಟಿದರು. ಅವತ್ತು ಅವನ ಜೆರ್ಸಿಯ ಮುಂಭಾಗದಲ್ಲಿ ವಾಂತಿಯಿತ್ತು. ಯಾರಿಗೂ ಕಾಣದಂತೆ ಅದನ್ನು ಬೇರೆ ಬಕೆಟ್ಟಿಗೆ ಹಾಕಿದವಳು ನಾನು. ಅಂದಿನಿಂದ ಅವನು ಮನೆಯಲ್ಲಿ ದೀಪ ಹಾಕಲು ಬಿಡುವುದಿಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟು, "ಚಹಾ ಆಗಿಲ್ವಾ ಅಮ್ಮಾ?" ಎನ್ನುತ್ತಾನೆ. ಅಮ್ಮ ಮೊದಲ ಸಲ ನಕ್ಕಳು. ಈಗ ಇನ್ನೊಂದು ಲೋಟ ತುಂಬಿಸಿ ಕೊಡುತ್ತಾಳೆ.

ಸೋಮವಾರ ನಿಮ್ಮ ಪರೀಕ್ಷೆಯಲ್ಲಿ ಅವನು ಐದು ಪದ ಹೇಳಿದ. ಅಂದೂ ಐದು, ಇಂದೂ ಐದು. 'ಬದಲಾವಣೆ ಇಲ್ಲ' ಎಂದು ಬರೆದಿರಿ. ಆ ಸಂಜೆ ನಾನು ಅದೇ ಮೇಜಿನ ಎದುರು ಕೂತು ಅದೇ ಹತ್ತು ಪದ ಓದಿದೆ. ಅಣ್ಣ ಬಹಳ ಹೊತ್ತು ಗೋಡೆ ನೋಡಿದ. ಆಮೇಲೆ, "ಸೇಬು... ಬೆಕ್ಕು... ದೀಪ..." ಎಂದ. ಮತ್ತೆ "ಬೆಕ್ಕು" ಎಂದ.

"ಅಣ್ಣಾ, ಬೆಕ್ಕು ಬಿಡಬೇಕಿತ್ತಲ್ಲ?"

"ಯಾಕೆ ಬಿಡಬೇಕು?"

"ತಮಾಷೆ ಮಾಡ್ಬೇಡ. ಈಗ ಹತ್ತೂ ಹೇಳು, ಇಲ್ಲಿ ಯಾರೂ ಇಲ್ಲ."

"ಹೇಳ್ತಾ ಇದೀನಲ್ಲ ಪುಟ್ಟಿ" ಎಂದ. ಅವನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು. "ಇಷ್ಟೇ ಬರ್ತಿರೋದು."

ಆಮೇಲೆ ನನ್ನ ಮಣಿಕಟ್ಟು ಹಿಡಿದು, ಯಾರಿಗೂ ಹೇಳಬೇಡ ಎಂದು ಬೇಡಿದ. ಈ ಸೀಸನ್ನಿಗೆ ಅವನ ಒಪ್ಪಂದ ಮುಗಿಯುತ್ತದೆ. ಈಗ ಆಡದೆ ಕೂತರೆ ಯಾವ ಕ್ಲಬ್ಬೂ ಕರೆಯುವುದಿಲ್ಲವಂತೆ. "ಚೆಂಡು ಬಿಟ್ರೆ ನಂಗೇನ್ ಬರುತ್ತೆ ಹೇಳು?" ಎಂದ. ಈ ಪತ್ರ ಓದಿದ ಮೇಲೆ ಅವನು ನನ್ನ ಮುಖ ನೋಡಲಾರ. ಅದಕ್ಕೂ ಹೆದರಿದ್ದೇನೆ. ಆದರೆ ಎರಡು ಹೆದರಿಕೆಯನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ನನ್ನ ಮುಖ ನೋಡದ ಅಣ್ಣ ಬದುಕಿರುತ್ತಾನೆ.

ನನ್ನ ಮಾತು ನಂಬಬೇಡಿ. ನಿಮ್ಮ ಕಪಾಟಿನಲ್ಲಿರುವ ಅವನ ಎರಡು ಕಾಗದ ತೆಗೆದು ಪಕ್ಕಪಕ್ಕ ಇಡಿ. ನೀವು ಐದು ಎಂಬ ಸಂಖ್ಯೆಯನ್ನು ಮಾತ್ರ ನೋಡಿದಿರಿ, ಪದಗಳನ್ನು ನೋಡಲಿಲ್ಲ. ಮೊದಲ ಕಾಗದದಲ್ಲಿ ಸೇಬು, ಗಂಟೆ, ಬೆರಳು, ಹಾಳೆ, ಚಮಚ ಇರುತ್ತವೆ. ಕಾಗದ ನೋಡದೆಯೇ ಹೇಳುತ್ತಿದ್ದೇನೆ, ಏಕೆಂದರೆ ಆರಿಸಿದವಳು ನಾನು. ಎರಡನೆಯದರಲ್ಲಿ ಬೇರೆ ಪದಗಳಿದ್ದರೆ, ಅವನ್ನು ಆರಿಸಿದ್ದು ನಾನೂ ಅಲ್ಲ, ಅಣ್ಣನೂ ಅಲ್ಲ, ಆ ಪೆಟ್ಟು. ಹಾಗಿದ್ದರೆ ಭಾನುವಾರದೊಳಗೆ ಪ್ರಮಾಣಪತ್ರ ಹಿಂದಕ್ಕೆ ಪಡೆಯಿರಿ. ಅವನ ತಲೆಯನ್ನು ಯಂತ್ರದಲ್ಲಿಟ್ಟು ನೋಡಿಸಿ. ಮಂಡಿ ಉಳುಕಿದರೆ ಮೂರು ಸಲ ನೋಡಿಸುತ್ತೀರಲ್ಲ! ಆ ಹಳೆಯ ಹಾಳೆಯನ್ನು ಹರಿದುಹಾಕಿ. ಮೋಸಕ್ಕೆ ಶಿಕ್ಷೆ ಕೊಡಲೇಬೇಕೆಂದಿದ್ದರೆ ಬಟ್ಟೆಕೋಣೆಗೆ ಬನ್ನಿ, ನಾನು ಅಲ್ಲೇ ಇರುತ್ತೇನೆ.

ಒಂಬತ್ತನೇ ನಂಬರಿನ ಜೆರ್ಸಿ ಒಗೆದು ಒಣಗಿದೆ. ಅದನ್ನು ಮಡಚಿ ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಭಾನುವಾರ ಯಾರು ಕೇಳಿದರೂ ಕೊಡುವುದಿಲ್ಲ. ಇನ್ನೊಂದು ಜೆರ್ಸಿಗೆ ನಂಬರ್ ಅಂಟಿಸಲು ಹತ್ತು ನಿಮಿಷ ಸಾಕು ಎಂಬುದು ನನಗೆ ಗೊತ್ತಿದೆ. ಅದನ್ನು ಅಂಟಿಸುವವಳೂ ನಾನೇ. ನನ್ನ ಕೈಲಿ ಆಗುವುದು ಇಷ್ಟೇ, ಉಳಿದದ್ದು ನಿಮ್ಮ ಸಹಿಯಲ್ಲಿದೆ.

ಇಂತಿ,
ಅಣ್ಣನಿಗೆ ಮರೆಯಲು ಕಲಿಸಿದ ತಂಗಿ