ಸೋಪಿಗೆ ಬಿಟ್ಟುಕೊಂಡ ಗುರುತು

ರೀ,

ಪೂರ್ವಿಯನ್ನು ಕರೆದುಕೊಂಡು ಮೂಗೂರು ಆಸ್ಪತ್ರೆಗೆ ಹೋಗುತ್ತಿದ್ದೇನೆ. ಫೋನ್ ಮಾಡಬೇಡಿ.

ಸ್ನಾನ ಮಾಡಿಸುವಾಗ ಅವಳ ಕಿರುಬೆರಳಿನ ಪೋಲಿಯೊ ಹನಿಯ ಗುರುತು ಸೋಪಿಗೆ ಬಿಟ್ಟುಕೊಂಡಿತು. ಕೇಳಿದರೆ, “ಅಪ್ಪ ಬಳುದ್ರು, ಯಾರ್ಗೂ ಯೋಳ್ಬ್ಯಾಡ ಅಂದ್ರು” ಅಂದಳು. ಹಾಲಿನ ಕ್ಯಾನಿಗೆ ಹೆಸರು ಬರೆಯುವ ಮಾರ್ಕರ್ ಅದು.

ವಾಟ್ಸಾಪ್ ವಿಡಿಯೊ ನೋಡಿ ಹನಿ ಹಾಕಿಸಲು ಹೆದರಿಕೆ ಇದ್ದರೆ ನನ್ನ ಹತ್ತಿರ ಜಗಳ ಆಡಬಹುದಿತ್ತು. ಬಿಸಿಲಲ್ಲಿ ಮನೆಮನೆ ಸುತ್ತಿ ಬಂದ ಆಶಾ ಕಾರ್ಯಕರ್ತೆಯ ಮುಂದೆ ಮಗುವಿನ ಕೈಯಲ್ಲೇ ಸುಳ್ಳು ಹೇಳಿಸಿದಿರಲ್ಲ, ನೆನೆದರೆ ಹೇಸಿಗೆಯಾಗುತ್ತದೆ.

ಸಾರು ಇದೆ, ಮುದ್ದೆ ನೀವೇ ತಿರುವಿಕೊಳ್ಳಿ. ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆ ಚುಚ್ಚಿದ ಕಡೆ ಊದಿದೆ, ಶಾಖ ಕೊಡಿ. ಅವತ್ತು ಮೂಗುದಾರ ಹಿಡಿದು ನಿಂತವರು ನೀವೇ. ಲಸಿಕೆ ಹಾಕಿಸದಿದ್ದರೆ ಡೈರಿಯವರು ಹಾಲು ಬೇಡ ಅಂದಾರು ಅನ್ನುವ ಭಯಕ್ಕೆ ಆಗ ಯಾವ ವಾಟ್ಸಾಪ್ ವಿಡಿಯೊವೂ ನೆನಪಾಗಲಿಲ್ಲ.

ಪಕ್ಕದ ಮನೆ ಸಾಕಮ್ಮ ಎಂದಿನಂತೆ ಮೊಮ್ಮಗನನ್ನು ನಮ್ಮಲ್ಲಿ ಬಿಟ್ಟು ಕೂಲಿಗೆ ಹೋಗಲು ಬರುತ್ತಾಳೆ. ಆ ಕೂಸಿಗೆ ಇನ್ನೂ ಎಲ್ಲ ಹನಿಯೂ ಆಗಿಲ್ಲ. ಪೂರ್ವಿಯ ಬೆರಳು ನೋಡಿ, “ನಿಮ್ಮನೆ ಮಗೀಗೆ ಆಕ್ಸೀರಲ್ಲ, ಕೂಸ್ನ ಬುಟ್ಟೋಗಕೆ ನಂಗದೇ ಧೈರ್ಯ ಕಣವ್ವ” ಅಂದಿದ್ದಳು. ಕೂಸನ್ನು ಎತ್ತಿಕೊಳ್ಳುವ ಮುಂಚೆ ನಡೆದದ್ದನ್ನು ಹೇಳಿ. ಆಮೇಲೂ ಅವಳು ಕೊಟ್ಟರೆ, ಕೈ ತೊಳೆದು ಎತ್ತಿಕೊಳ್ಳಿ.