ಫಾಂಟ್ ಇಲ್ಲದ ಬಂಡೆಗಳು

ಎತ್ತರ ಮರವಂತೆ
ಫೆಬ್ರವರಿ 30, 2171

ಮುತ್ತಜ್ಜನವರಿಗೆ,

ನೀವು ಐದು ತಲೆಮಾರು ಹಿಂದಿನವರಾದರೂ ಮುತ್ತಜ್ಜ ಎಂದೇ ಕರೆಯುತ್ತೇನೆ. ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕನ್ನಡ ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮೆಯಿರಲಿ. ಕ್ಷಮೆ ಕೇಳುವುದು ಇದೊಂದಕ್ಕೇ. ಉಳಿದದ್ದೆಲ್ಲ ಸಿಟ್ಟು.

ನೀವು ಕಾರು ನಿಲ್ಲಿಸಿ ಫೋಟೊ ಹೊಡೆಸಿಕೊಳ್ಳುತ್ತಿದ್ದ ಕಡಲ ಬದಿಯ ಹೆದ್ದಾರಿಯ ಮೇಲೆ ಈಗ ದೋಣಿಗಳು ಓಡುತ್ತವೆ. ಅದನ್ನು ತೇಲುದಾರಿ ಎನ್ನುತ್ತೇವೆ. ಊರು ಗುಡ್ಡ ಹತ್ತಿದೆ. ಶಾಲೆಗೆ, ಸಂತೆಗೆ, ಮದುವೆ ಮನೆಗೆ, ಎಲ್ಲದಕ್ಕೂ ದೋಣಿಯೇ. ಆಕಾಶದಿಂದ ದಾರಿ ತೋರಿಸುತ್ತಿದ್ದ ನಿಮ್ಮ ಯಂತ್ರಗಳು ಯಾವತ್ತೋ ಕಣ್ಣು ಮುಚ್ಚಿದವು. ನಿಮ್ಮ ಕಾಲದಲ್ಲಿ ನೀರಿನಿಂದ ತಲೆ ಎತ್ತಿ ನಿಂತಿದ್ದ ಬಂಡೆಗಳು ಈಗ ಮೊಳದಷ್ಟು ಕೆಳಗೆ ಅಡಗಿ ಕೂತಿವೆ. ಹೋದ ತಿಂಗಳು ಅಂಥದ್ದೊಂದು ನನ್ನ ತಮ್ಮ ಕರುಣನ ದೋಣಿಯನ್ನು ಸೀಳಿತು. ಅವನ ಹೆಣವೂ ಸಿಗಲಿಲ್ಲ.

ಆ ಬಂಡೆಗಳು ಎಲ್ಲೆಲ್ಲಿವೆ, ಯಾವುದನ್ನು ಯಾವ ಬದಿಗೆ ಬಿಟ್ಟು ಸಾಗಬೇಕು ಎಂದು ಶೀನ ಮರಕಾಲ ಎಂಬ ಹಿರಿಯ ಮೀನುಗಾರರು ನಿಮ್ಮ ಡಿಟಿಪಿ ಅಂಗಡಿಯಲ್ಲಿ ಕೂತು ಹೇಳಿದರು, ನೀವು ಟೈಪ್ ಮಾಡಿ ಊರಿನ ಗ್ರೂಪಿಗೆ ಹಾಕಿದಿರಿ. ಆ ಫೈಲು ನಮ್ಮ ಓದುಕಟ್ಟೆಯಲ್ಲಿದೆ. ಹಳೆಯ ಫೈಲುಗಳನ್ನು ತೆರೆಯುವ ಜಾಗವದು. ಹೆಸರು 'ಬಂಡೆ ಫೈನಲ್ ಹೊಸ ಫೈನಲ್ 3'. ತೆರೆದರೆ ಕನ್ನಡದ ಒಂದಕ್ಷರವಿಲ್ಲ. ತಲೆಯ ಮೇಲೆ ಚುಕ್ಕಿ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ಅರ್ಥವಿಲ್ಲದ ಗುರುತುಗಳು. ನಿಮ್ಮ ಹಳೇ ಫಾಂಟು ಇದ್ದವರಿಗಷ್ಟೇ ಅದು ಕನ್ನಡವಾಗಿತ್ತು. ಇಲ್ಲದವರು ಅದನ್ನು ನಕಲಿಸಿ ಗ್ರೂಪಿನಿಂದ ಗ್ರೂಪಿಗೆ ದಾಟಿಸುವಾಗ ಅರ್ಧ ಗುರುತುಗಳು ಉದುರಿಹೋದವು. ಉಳಿದದ್ದನ್ನು ಊಹಿಸುತ್ತಿದ್ದೇವೆ. ಎಡಕ್ಕೋ ಬಲಕ್ಕೋ ಎಂಬಲ್ಲಿ ಊಹೆ ತಪ್ಪಿದರೆ ಜೀವವೇ ಹೋಗುತ್ತದೆ.

ನನ್ನ ಹೊಟ್ಟೆ ಉರಿಸುವುದು ಅದೂ ಅಲ್ಲ. ಫೈಲಿನ ಕೆಳಗೆ ನೀವು ಫೋನಿನಲ್ಲಿ ಬರೆದ ಮಾತಿದೆ. ಅದು ಇವತ್ತಿಗೂ ಚೆನ್ನಾಗಿ ಓದಲು ಬರುತ್ತದೆ: "ಫಾಂಟ್ ಇಲ್ದಿದ್ರೆ ನಮ್ಮ ಅಂಗ್ಡಿಗ್ ಬನಿ, ಹಾಕಿ ಕೊಡ್ತೆ." ಫಾಂಟಿನ ಹಂಗಿಲ್ಲದೆ ಎಲ್ಲ ಕಡೆ ತೆರೆದುಕೊಳ್ಳುವ ಕನ್ನಡ ನಿಮ್ಮ ಜೇಬಿನ ಫೋನಿನಲ್ಲೇ ಇತ್ತು. ಹೊಸದರಲ್ಲಿ ಟೈಪ್ ಮಾಡಿ ಎಂದು ಶಾಲೆಯ ಮೇಷ್ಟ್ರೊಬ್ಬರು ಕೇಳಿಯೂ ಇದ್ದಾರೆ. ಅವರಿಗೆ ನೀವು ಕೊಟ್ಟ ಉತ್ತರ: "ಕೈ ಕೂತದ್ದ್ ಬಿಟ್ಟ್ ಹೊಸ್ತ್ ಎಂತಕೆ ಮಾರಾಯ್ರೆ?"

ಕೈ ಕೂತದ್ದನ್ನು ಬಿಡುವ ಕಷ್ಟ ನನಗೂ ಗೊತ್ತು. ದೋಣಿ ನಡೆಸುವ ನನ್ನ ಹಳೇ ಹುಟ್ಟನ್ನು ಬಿಟ್ಟು ಬೇರೆ ಹಿಡಿದರೆ ನನಗೆ ತೋಳೇ ಓಡುವುದಿಲ್ಲ. ಆದರೆ ನನ್ನ ಹುಟ್ಟು ನನ್ನ ದೋಣಿಗೆ ಸಾಕು. ನೀವು ಟೈಪ್ ಮಾಡಿದ್ದು ಊರಿಗೆ. ನಿಮ್ಮ ಬೆರಳುಗಳ ಸುಖಕ್ಕೆ ನನ್ನ ತಮ್ಮ ಯಾಕೆ ಸಾಯಬೇಕಿತ್ತು?

ನಾಳೆ ನನ್ನ ಮಗಳು ಅದೇ ದಾರಿಯಲ್ಲಿ ದೋಣಿ ಇಳಿಸುತ್ತಾಳೆ. ಬೇರೆ ದಾರಿಯಿಲ್ಲ. ಈ ಕಾಗದ ಹೇಗಾದರೂ ನಿಮ್ಮ ಕೈ ಸೇರಿದರೆ, ಮರಕಾಲರು ಹೇಳಿದ್ದನ್ನು ಫೋನಿನ ಕನ್ನಡದಲ್ಲಿ ಇನ್ನೊಮ್ಮೆ ಬರೆದು ಕಳಿಸಿ. ಅಂಗಡಿಗೆ ಬನ್ನಿ ಎಂದು ಮಾತ್ರ ಹೇಳಬೇಡಿ.

ಬಂದಿದ್ದೆ ಮುತ್ತಜ್ಜ. ನಿಮ್ಮ ಅಂಗಡಿಯ ಮೇಲೆ ಎರಡಾಳು ನೀರಿದೆ.

ನಿಮ್ಮದೇ ಕುಡಿ,
ಅಲಕಾ