ಹಿರಿಯರು ಏಳಲೆಂದು ಕಾದ ಓಣಿ

ಎತ್ತರಪೇಟೆ, ಧಾರವಾಡ ಸೀಮೆ
ಕ್ರಿ.ಶ. ೨೨೧೪, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ನಮ್ಮ ಮುತ್ತಜ್ಜಂದಿರ ಮುತ್ತಜ್ಜಂದಿರಿಗೆ ಶರಣು.

ಹದಿಮೂರನೆಯ ತಿಂಗಳೆಂದರೆ ಬೆಚ್ಚಬೇಡಿ. ನೀವು ಬಿಟ್ಟುಹೋದ ಬೇಸಿಗೆ ಉದ್ದವಾಗುತ್ತ ಬಂದಿತು. ಅದಕ್ಕೊಂದು ತಿಂಗಳು ಹೆಚ್ಚಿಗೆ ಕೊಟ್ಟು ಕೈತೊಳೆದುಕೊಂಡೆವು. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳಲಾರೆ. ನಾನು ನೀಲಗಂಗವ್ವ, ಈ ಓಣಿಯ ಶಾಲೆಯಲ್ಲಿ ಪಾಠ ಹೇಳುವವಳು.

ಕಡಲು ನುಂಗಿದ ದ್ವೀಪಗಳಿಂದ ಬಂದವರನ್ನು ನಾವು ತಂಗಿದವರು ಎನ್ನುತ್ತೇವೆ. ಅವರಿಗೆ ಪೌರತ್ವವಿಲ್ಲ. ವರ್ಷವರ್ಷವೂ ಮುದ್ರೆ ಒತ್ತಿಸಿಕೊಳ್ಳಬೇಕಾದ ತಂಗುಚೀಟಿ ಇರುತ್ತದೆ, ಅಷ್ಟೇ. ಹವ್ವಕ್ಕ ಅಂಥವಳು. ತನ್ನ ದ್ವೀಪ ಮುಳುಗಿದ ವರ್ಷ ಆರರ ಕೂಸಾಗಿ ಇಲ್ಲಿಗೆ ಬಂದಳು, ಈಗ ಐವತ್ತೆಂಟು. ನಮ್ಮ ಓಣಿಯ ಸೂಲಗಿತ್ತಿ. ನನ್ನ ಎರಡೂ ಮಕ್ಕಳನ್ನು ಮೊದಲು ಮುಟ್ಟಿದ ಕೈ ಅವಳದು.

ಶುಕ್ರವಾರ ಸಂಜೆ ಓಣಿಸಭೆ. ನೆರಳುಚಪ್ಪರದಡಿ ಚಾಪೆ ಹಾಸಿ, ನವಣೆ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡು ಕೂರುತ್ತೇವೆ. ನಡುವೆ ನೀರಿನ ಹಂಡೆ, ಅದರಲ್ಲಿ ತಳಕ್ಕೆ ತೂತಿರುವ ತಾಮ್ರದ ಬಟ್ಟಲು. ತಂಗಿದವರೊಬ್ಬರು ಮಾತು ಮುಗಿಸಿದೊಡನೆ ಬಟ್ಟಲನ್ನು ತೇಲಿಬಿಡುತ್ತಾರೆ. ಅದು ಮುಳುಗುವುದರೊಳಗೆ ಮೂವರು ಪೌರರು ಎದ್ದು ನಿಂತರೆ ಅದು ಓಣಿಯ ಮಾತು, ಆಡಿದವರನ್ನು ಯಾರೂ ಮುಟ್ಟುವಂತಿಲ್ಲ. ಏಳದಿದ್ದರೆ ಅದು ಆಡಿದವರ ಸ್ವಂತ ಮಾತು. ತಂಗಿದವರು ಆಡಳಿತದ ಬಗ್ಗೆ ಸ್ವಂತ ಮಾತಾಡಿದರೆ ಗಡಿಪಾರು. ಅವರ ರಕ್ಷಣೆಗೆಂದೇ ಮಾಡಿದ ಕಾನೂನಂತೆ! ಒಬ್ಬರ ಬಾಯಿಗೆ ಇನ್ನೊಬ್ಬರ ಕಾಲು ಯಾಕೆ ಬೇಕೆಂದು ನಾವು ಯಾರೂ ಕೇಳಲಿಲ್ಲ.

ತಂಗಿದವರ ಕೇರಿಯ ನಲ್ಲಿಯಲ್ಲಿ ಎರಡು ತಿಂಗಳಿಂದ ಉಪ್ಪುನೀರು. ಖಾಲಿ ಕೊಡ ಹಿಡಿದು ಹವ್ವಕ್ಕ ಹನ್ನೊಂದು ತಾಯಂದಿರ ಜೊತೆ ನೀರುಗೋಪುರದ ಮುಂದೆ ಮೂರು ದಿನ ಕೂತಳು. ಯಾರೂ ಕೇಳದಿದ್ದಾಗ ಸಭೆಗೆ ಬಂದಳು. "ಕೂಸಿನ ಹೊಟ್ಟಿಗಿ ಚೀಟಿ ಗೊತ್ತಾಗತೈತೇನ್ರಿ? ಮ್ಯಾಲಿನ ಸಾಹೇಬರ ಬಂಗಲೆದಾಗ ಹುಲ್ಲಿಗೆ ಸಿಹಿನೀರು, ನಮ್ಮ ಕೂಸಿಗೆ ಉಪ್ಪುನೀರು. ಇದು ಅನ್ಯಾಯ," ಎಂದಳು. ಅಷ್ಟೇ ಅವಳ ಅಪರಾಧ.

ಸುಳ್ಳೇನಿತ್ತು ಅದರಲ್ಲಿ? ನಮ್ಮೆಲ್ಲರ ಮನಸ್ಸೂ ಎದ್ದಿತ್ತು. ಆದರೆ ಹಿರಿಯರು ಏಳುವ ಮುನ್ನ ಕಿರಿಯರು ಏಳಬಾರದು, ಅದು ನಮ್ಮ ರೂಢಿ. ಓಣಿಗೆ ಹಿರಿಯ ತೊಂಬತ್ತಾರರ ಅಡಿವೆಪ್ಪಜ್ಜ. ಅವನು ಕೋಲೂರಿ, ಹಲ್ಲು ಕಚ್ಚಿ, ಒಂದು ಮಂಡಿ ಎತ್ತಿದ. ಇನ್ನೊಂದು ಏಳಲಿಲ್ಲ. ನಾವು ನಲವತ್ತು ಜನ ಗಟ್ಟಿಮುಟ್ಟಾದವರು ಮರ್ಯಾದೆಯಿಂದ ಕಾಯುತ್ತ ಕೂತೆವು. ಅವನ ಪಕ್ಕದಲ್ಲೇ ಇದ್ದ ನಾನೂ ಕೂತೆ. ಬಟ್ಟಲು ಗುಳುಕ್ಕೆಂದು ಮುಳುಗಿತು.

"ನನ್ನ ಮೊಣಕಾಲ ನೋಡ್ಕೋತ ಕುಂತಿರೇನಲೇ? ನಿಮಗ ಕಾಲ ಇದ್ದಿಲ್ಲೇನು?" ಎಂದು ಅಜ್ಜ ಅತ್ತುಬಿಟ್ಟ. ಆಮೇಲೆ ನಲವತ್ತೂ ಜನ ಎದ್ದೆವು. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು. ಹೊತ್ತು ಮೀರಿದೆ ಎಂದು, ಸಭೆಯ ಮಾತು ಬರೆದುಕೊಳ್ಳುವ ಸರ್ಕಾರಿ ಗುಮಾಸ್ತ ದಫ್ತರ ಮುಚ್ಚಿದ.

ಹವ್ವಕ್ಕನ ಗಡಿಪಾರಿನ ಆದೇಶದಲ್ಲಿ ಏನು ಬರೆದಿದ್ದಾರೆ ಗೊತ್ತೇ? "ಸ್ವದೇಶಕ್ಕೆ ಮರಳಿಸಲಾಗುವುದು." ಯಾವ ಸ್ವದೇಶ? ಮೀನು ಓಡಾಡುವ ಜಾಗವೇ? ಕರೆದೊಯ್ದು ಯಾವುದೋ ತೇಲುಬಂದರಿನಲ್ಲಿ ಇಳಿಸಿಬರುತ್ತಾರೆ. ಬರೆದವನಿಗೆ ನಾಚಿಕೆಯಿಲ್ಲ, ಓದಿಯೂ ಸುಮ್ಮನಿದ್ದ ನಮಗೂ ಇಲ್ಲ.

ನಿಮ್ಮ ಕಾಲದ ಕಾಗದಗಳನ್ನೂ ಓದಿದ್ದೇನೆ. ಘೋಷಣೆ ಕೂಗಿದ ಪರದೇಶದವರನ್ನು, ಲೇಖನ ಬರೆದ ವಿದ್ಯಾರ್ಥಿಗಳನ್ನು ನೀವೂ ಚೀಟಿ ಕಸಿದು ಹೊರಗಟ್ಟಿದ್ದೀರಿ. ಅತಿಥಿಯಾದವನು ಬಾಯಿ ಮುಚ್ಚಿಕೊಂಡಿರಲಿ ಎಂದು ಮನೆಯಲ್ಲಿ ಕೂತು ಹೇಳಿದ್ದೀರಿ. ನಮ್ಮ ಕಾನೂನಿನ ಬೇರು ಅಲ್ಲಿದೆ. ನಿಮ್ಮ ಮುಂದೆ ಯಾರಾದರೂ ಅನ್ಯಾಯವನ್ನು ಅನ್ಯಾಯವೆಂದರೆ ಅವರ ಚೀಟಿ ನೋಡಬೇಡಿ, ಅಕ್ಕಪಕ್ಕದವರನ್ನೂ ನೋಡಬೇಡಿ. ಎದ್ದುಬಿಡಿ.

ಇಂದು ಬೆಳಗ್ಗೆ ಹವ್ವಕ್ಕನನ್ನು ಗಾಡಿ ಹತ್ತಿಸಿದರು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತಿದ್ದೆ. ಅವಳು ನನ್ನ ಕೈ ಹಿಡಿದು, "ಟೀಚರ್ ಅಕ್ಕಾರ, ನಮ್ಮ ಓಣಿ ಫಕೀರವ್ವನ ಕೂಸು ಹೊಟ್ಯಾಗ ಅಡ್ಡ ಮಲಗೇತ್ರಿ. ಹೊಳ್ಳಿಸಾಕ ಬರೋರನ್ನ ಲಗೂನ ಹುಡುಕ್ರಿ," ಎಂದಳು.

ಹುಡುಕಿದೆ. ಹೊಟ್ಟೆಯೊಳಗಿನ ಕೂಸನ್ನು ತಿರುಗಿಸಲು ಬರುವವರು ಎತ್ತರಪೇಟೆಯಲ್ಲಿ ಯಾರೂ ಇಲ್ಲ. ಫಕೀರವ್ವನಿಗೆ ನೋವು ಶುರುವಾಗಿದೆಯೆಂದು ಈಗಷ್ಟೇ ಕರೆ ಬಂತು. ಹೋಗುತ್ತಿದ್ದೇನೆ, ಶರಣು. ಹೋಗಿ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ.